ಗುಲಾಬಿಯ ಬುಡಕ್ಕೆ ಬಂದ ನೆಂಟ

ಇಂದೂ: ಅದು ರೋಗ ಅದರೀ. ಬುಡಕ್ಕ ಹೆಂಥಾ ಗಂಟು ಬಂದದ ನೋಡ್ರಿ. ಉಳದ ಗಿಡಕ್ಕ ಹತ್ತೂದ್ರಾಗ ಕಿತ್ತು ಒಗೀರಿ.

ಮಾರ್ತಾಂಡ: ರೋಗ ಬಂದ್ರ ಗಿಡ ಸೊರಗತದ. ಇದು ದಪ್ಪ ಆಗ್ಲಿಕತ್ತದ. ಮಾರ್ಕೆಟ್ ಯಾರ್ಡಿನಿಂದ ಟಾನಿಕ್ ತಂದು ಹಾಕೇನಲ್ಲ, ಅದರ ಗುಣ.

ಇಂದೂ: ದಪ್ಪ ಆಗೂದೆಲ್ಲಾ ಗುಣ ಅಂದ್ರ ನಿಮ್ಮ ಹೊಟ್ಟೀನೂ ಪ್ರದರ್ಶನಕ್ಕ ಇಡ್ರಿ.

ಧಾರವಾಡದಿಂದ ಬಂದು ಇಡೀ ನೌಕರಿಯನ್ನು ಖಡಕಿಯ ಕಾರ್ಖಾನೆಯ ಆಫೀಸಿನಲ್ಲಿ ಮುಗಿಸಿದ ಮಾರ್ತಾಂಡರಾಯರಿಗೆ ನಿವೃತ್ತಿಯ ಮೇಲೆ ಉಳಿದಿದ್ದ ಹಂಬಲಗಳು ಎರಡೇ. ಮುಂದಿನ ಭಾನುವಾರ ಕಾಲನಿಯ ಗುಲಾಬಿ ಪ್ರದರ್ಶನದಲ್ಲಿ ಮೊದಲ ಬಹುಮಾನ ಬರಬೇಕು. ಅದಕ್ಕಾಗಿ ಕುಂಡಗಳಿಗೆ ಬಿಸಿಲು ಸಿಗುತ್ತಿದ್ದ ತಮ್ಮ ಗ್ಯಾಲರಿ, ಅಂದರೆ ಬಾಲ್ಕನಿ, ತಮಗೆ ವಾಪಸ್ಸು ಸಿಗಬೇಕು. ಗ್ಯಾಲರಿಯಲ್ಲಿ ಈಗ ಇಂದೂಬಾಯಿಯ ತಮ್ಮ ಕೇದಾರನಿದ್ದಾನೆ. ಪಿಂಪ್ರಿಯ ಒಂದು ಕಂಪನಿಯ ಇಂಟರ್‌ವ್ಯೂಗೆಂದು ಎರಡು ದಿನಕ್ಕೆ ಬಂದವನು. ದಸರೆ ಹೋಯಿತು, ದೀಪಾವಳಿ ಹೋಯಿತು, ಕೇದಾರ ಹೋಗಲಿಲ್ಲ. ಅವನಿಗೆ ತಂಡಿ ಆಗಿಬರುವುದಿಲ್ಲವೆಂದು ಗ್ಯಾಲರಿಗೆ ಗಾಜು ಹಾಕಿಸಿ ಕೋಣೆ ಮಾಡಿದರು. ಗುಲಾಬಿ ಕುಂಡಗಳು ಮೆಟ್ಟಿಲಿಗೆ ಬಂದವು. ಅಲ್ಲಿ ಬಿಸಿಲು ಬೀಳುವುದೇ ಅಪರೂಪ.

ರಾಯರ ಅಣ್ಣನ ಮಗಳು ಮಂಜರಿ ಕೃಷಿ ಕಾಲೇಜಿನಲ್ಲಿ ಸಸ್ಯರೋಗಗಳನ್ನೇ ಓದುತ್ತಿದ್ದಳು. ಅಂದು ಊಟಕ್ಕೆಂದು ಬಂದವಳನ್ನು ಚಪ್ಪಲಿ ಬಿಡಲೂ ಬಿಡದೆ ಗಂಡ ಹೆಂಡತಿ ಕೂಡಿ ಕುಂಡದ ಮುಂದೆ ನಿಲ್ಲಿಸಿದರು. ಅವಳು ಮಣ್ಣು ಸರಿಸಿ, ನಿಂಬೆಹಣ್ಣಿನಷ್ಟು ಬೆಳೆದಿದ್ದ ಗಂಟನ್ನು ಒತ್ತಿ ನೋಡಿದಳು.

ಮಂಜರಿ: ಕಾಕಾ, ಇದು ಹಾರ್ಮೋನಿನ ಕೆಲಸ.

ಮಾರ್ತಾಂಡ: ಕೇಳಿದ್ಯಾ ಇಂದೂ? ನನ್ನ ಬಾಟ್ಲಿ ಮ್ಯಾಲೂ ಹಂಗ ಬರದಾರ.

ಮಂಜರಿ: ನಿಮ್ಮ ಬಾಟ್ಲೀದಲ್ಲ. ಗಿಡನ ಮಾಡಿಕೊಳ್ಳಿಕತ್ತದ. ಮಣ್ಣಾಗಿನ ಒಂದು ಬ್ಯಾಕ್ಟೀರಿಯಾ ಗಾಯದಾಗ ಹೊಕ್ಕು, ತನ್ನ ಜೀನು ಒಂದಿಷ್ಟು ಗಿಡದ ಜೀನಿನಾಗ ಸೇರಿಸಿಬಿಡತದ. ಆಮ್ಯಾಲೆ ಗಿಡ ಮಿತಿ ಇಲ್ಲದ ಹಾರ್ಮೋನ್ ಮಾಡಿ ಈ ಗಂಟು ಬೆಳಸತದ.

ಇಂದೂ: ಅಂದ್ರ ಗಿಡ ತನ್ನ ಕೈಲೆನ ರೋಗಕ್ಕ ಖೋಲಿ ಕಟ್ಟಿ ಕೊಡತದೇನು?

ಮಂಜರಿ: ಹೂಂ ಕಾಕು. ಖೋಲಿ ಅಷ್ಟ ಅಲ್ಲ, ಅಡಗೀನೂ ಮಾಡತದ. ಗಂಟಿನೊಳಗ ಒಂದು ಬ್ಯಾರೇನ ಆಹಾರ ತಯಾರಾಗತದ. ಗಿಡಕ್ಕ ಅದರಿಂದ ಏನೂ ಉಪಯೋಗಿಲ್ಲ. ಆ ಬ್ಯಾಕ್ಟೀರಿಯಾಕ್ಕ ಮಾತ್ರ ಅದು ಊಟ.

ರಾಯರು ಗಿಡವನ್ನು ಬಿಟ್ಟು ಬಾಗಿಲೊಳಗಿಂದ ಕಾಣುವ ಗಾಜಿನ ಗ್ಯಾಲರಿಯತ್ತ ನೋಡಿದರು. ಅಲ್ಲಿ ರೇಡಿಯೋ ಹಾಡುತ್ತಿತ್ತು. ಅಡಿಗೆಮನೆಯಲ್ಲಿ ಹಾಗಲಕಾಯಿ ಗೊಜ್ಜು ಕುದಿಯುತ್ತಿತ್ತು. ಆ ಮನೆಯಲ್ಲಿ ಹಾಗಲಕಾಯಿ ತಿನ್ನುವವನು ಒಬ್ಬನೇ.

ಮಾರ್ತಾಂಡ: ಮಂಜರಿ, ಈ ಬ್ಯಾಕ್ಟೀರಿಯಾದ ಹೆಸರು ಕೇದಾರ ಏನು?

ಇಂದೂ: ನನ್ನ ತಮ್ಮನ ತಂಟೆಕ್ಕ ಬರಬ್ಯಾಡ್ರಿ.

ಮಾರ್ತಾಂಡ: ನಾ ಎಲ್ಲಿ ಬಂದೆ? ಅವನ ಬಂದಾನ.

ಇಂದೂ: ನಿಮ್ಮ ಕಡೆಯವರು ಬಂದ್ರ ಮನಿ ತುಂಬತದ. ನನ್ನ ಕಡೆಯವರು ಬಂದ್ರ ರೋಗ ಬರತದ. ಹೌದಲ್ಲ?

ತಾನು ಯಾರ ಕಡೆಯವಳೆಂಬುದು ನೆನಪಾಗಿ ಮಂಜರಿ ಒಂದು ಮೆಟ್ಟಿಲು ಕೆಳಗಿಳಿದಳು. ಗಂಟನ್ನಷ್ಟೇ ಕತ್ತರಿಸಿ ಗಿಡ ಉಳಿಸಿಕೊಳ್ಳಬಹುದೇ ಎಂದು ರಾಯರು ಕೇಳಿದರು. ಹಾಗೆ ಮಾಡಲು ಬರುವುದಿಲ್ಲ, ಅದೇ ಕತ್ತರಿ ಹಿಡಿದು ಉಳಿದ ಗಿಡಗಳಿಗೂ ರೋಗ ಹಂಚಿದಂತಾಗುತ್ತದೆ, ಮಣ್ಣು ಸಮೇತ ತೆಗೆಯಬೇಕು ಎಂದಳು ಮಂಜರಿ. ರಾಯರು ಕೊನೆಗೆ ಒಪ್ಪಿದರು, ಆದರೆ ಷರತ್ತು ಹಾಕಿ. ಗಿಡ ಹೋಗುವುದಾದರೆ ಗ್ಯಾಲರಿಯೂ ಖಾಲಿಯಾಗಬೇಕು. ಕಾನೂನು ಎಂದ ಮೇಲೆ ಮೆಟ್ಟಿಲಿಗೊಂದು, ಮನೆಗೊಂದು ಇರಬಾರದು. ಇಂದೂಬಾಯಿಯ ಕಣ್ಣಲ್ಲಿ ನೀರು ಬಂತು. ತಾಯಿ ತೀರಿಕೊಂಡ ಮೇಲೆ ಆ ಹುಡುಗನಿಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ರಾಯರಿಗೂ ಕೆಡುಕೆನಿಸಿತು. ಆದರೆ ಬಹುಮಾನದ ಆಸೆ ಅದಕ್ಕಿಂತ ಒಂದು ತೂಕ ಹೆಚ್ಚಿತ್ತು.

ಅಷ್ಟರಲ್ಲಿ ರೇಡಿಯೋ ನಿಂತಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬ್ಯಾಗು ಹಿಡಿದು ಕೇದಾರ ಹೊರಗೆ ಬಂದ. ಅವನಿಗೆ ಎಲ್ಲವೂ ಕೇಳಿಸಿತ್ತು.

ಕೇದಾರ: ಭಾವಾ, ನನ್ನಿಂದ ನಿಮಗ ಭಾಳ ತ್ರಾಸ ಆತು. ಸ್ವಾರಗೇಟ್ ಬಸ್ ಸ್ಟ್ಯಾಂಡಿನಿಂದ ಧಾರವಾಡದ ಗಾಡಿ ಅದ. ಹೋಗಿಬಿಡತೀನಿ.

ಇಷ್ಟು ದಿನ ಬೇಡಿಕೊಂಡದ್ದು ಚಪ್ಪಲಿ ಮೆಟ್ಟಿಕೊಂಡು ಎದುರಿಗೇ ನಿಂತಿತ್ತು. ಹೂಂ ಎಂದರೆ ಮುಗಿದುಹೋಗುತ್ತಿತ್ತು. ರಾಯರು ಹೂಂ ಎನ್ನಲೆಂದೇ ಬಾಯಿ ತೆರೆದರು.

ಮಾರ್ತಾಂಡ: ಇವತ್ತ ಅಮಾವಾಸ್ಯಿ. ಹೆಂಡ್ತಿ ತಮ್ಮನ್ನ ಅಮಾವಾಸ್ಯಿ ದಿನ ಹೊರಗ ಹಾಕಿದ ಅಂತ ಧಾರವಾಡ ತುಂಬ ಸುದ್ದಿ ಆಗಬೇಕೇನು? ಬ್ಯಾಗ್ ಒಳಗಿಡು.

ಕೇದಾರ: ಹಂಗಾರ ನಾಳೆ ಹೋಗತೀನಿ.

ಮಾರ್ತಾಂಡ: ನಾಳೆ ಪಾಡ್ಯ. ನಾಡದು ಮಂಗಳವಾರ.

ಕೇದಾರ: ಬುಧವಾರ?

ಮಾರ್ತಾಂಡ: ಬುಧವಾರ ನೀ ಹೋದ್ರ ಭಾನುವಾರ ನನ್ನ ಕುಂಡ ಹೊರೂವರು ಯಾರು? ಸುಮ್ಮನ ಕೈಕಾಲು ತೊಳಕೊ. ಇಂದೂ, ಗೊಜ್ಜಿಗೆ ಬೆಲ್ಲ ಹಾಕೀಯಿಲ್ಲೋ? ಬೆಲ್ಲ ಇಲ್ಲಂದ್ರ ಅವಗ ಸೇರೂದಿಲ್ಲ.

ಕೇದಾರ ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. ಇಂದೂಬಾಯಿ ಕಣ್ಣೊರೆಸಿಕೊಂಡು, ನಗು ಕಾಣದಂತೆ ಅವನ ಹಿಂದೆಯೇ ಒಳಗೆ ಹೋದಳು. ಷರತ್ತೂ ಹೋಗಿ, ಗ್ಯಾಲರಿಯೂ ಹೋಗಿ, ರಾಯರು ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಗಿಡದ ಬುಡ ಸಡಿಲಿಸತೊಡಗಿದರು. ಆಮೇಲೆ ಒಳಗೆ ಕೇಳದಂತೆ ಸಣ್ಣ ದನಿಯಲ್ಲಿ ಕೇಳಿದರು.

ಮಾರ್ತಾಂಡ: ಮಂಜರಿ, ಏನರೆ ಔಷಧ ಹೊಡದು ಆ ಬ್ಯಾಕ್ಟೀರಿಯಾನ್ನ ಓಡಿಸಿಬಿಟ್ರ ಗಂಟು ಬೆಳಿಯೂದು ನಿಲ್ಲತದೇನು?

ಮಂಜರಿ: ಇಲ್ಲ ಕಾಕಾ. ಒಮ್ಮೆ ರೂಢಿ ಹಚ್ಚಿದ್ರ ಮುಗೀತು, ಆಮ್ಯಾಲೆ ಬ್ಯಾಕ್ಟೀರಿಯಾ ಇರಬೇಕಂತಿಲ್ಲ. ಉಳದದ್ದೆಲ್ಲಾ ಗಿಡ ತಾನ ಮಾಡಿಕೋತ ಹೋಗತದ. ನೀವೀಗ ಬೆಲ್ಲ ಕೇಳಿದ್ರಲ್ಲ, ಹಂಗ.