ಕಿರುಬೆರಳಿನ ಬುಡದಲ್ಲಿ

ಟೈಲರನಿಗೆ ಬಲಭುಜ ಹಿಡಿದುಕೊಂಡಿದ್ದೇ ಎಲ್ಲ ಪೀಕಲಾಟಕ್ಕೂ ಮೂಲ. ಬ್ಯಾಂಡಿನವರ ಕೋಟುಗಳು ಸಂಜೆಯೊಳಗೆ ಸಿಗದಿದ್ದರೆ ಈ ಕೆಲಸವೂ ಮುಂದಿನ ಕೆಲಸವೂ ಎದುರು ಅಂಗಡಿಗೆ ಎಂದು ಬ್ಯಾಂಡ್ ಮಾಸ್ಟರ್ ಹೇಳಿ ಹೋಗಿದ್ದ. ಮೇಜಿನ ಮೇಲೆ ಕೆಂಪು ಬಟ್ಟೆ ಹಾಸಿಯೇ ಇತ್ತು. ಕತ್ತರಿ ಹಿಡಿದರೆ ಭುಜದಲ್ಲಿ ಜೀವ ಹೋಗಿ ಜೀವ ಬರುತ್ತಿತ್ತು. ಮುಲಾಮು ಮುಗಿದಿತ್ತು, ಹೆಂಡತಿಯ ತಾಳ್ಮೆಯೂ ಮುಗಿದಿತ್ತು. ಅವಳು ಮೊಬೈಲಿನಲ್ಲಿ ಒಂದು ವಿಡಿಯೊ ಹಾಕಿ ಅವನ ಮುಂದಿಟ್ಟಳು.

"ನೋಡಿ ಕಲೀರಿ. ಮೈಯಲ್ಲಿರೋದೆಲ್ಲ ಅಂಗೈಯಲ್ಲೂ ಇದೆಯಂತೆ. ಒತ್ತಿದರೆ ಸಾಕಂತೆ."

ವಿಡಿಯೊದಲ್ಲಿ ಮುಖವಿಲ್ಲದ ಯಾರದೋ ಕೈ, ಅದರ ತುಂಬ ಬಣ್ಣದ ಚುಕ್ಕೆಗಳು. ಬೆರಳುಗಳ ಬುಡದಲ್ಲಿ ಕಣ್ಣು, ಕಿವಿ. ಕಿರುಬೆರಳಿನ ಕೆಳಗೆ ಭುಜ. ಹೆಬ್ಬೆರಳಿನ ಬುಡದಲ್ಲಿ ಕತ್ತು. ನೋವು ಬಲಗಡೆ ಇದ್ದದ್ದರಿಂದ ಟೈಲರ್ ಬಲಗೈಯನ್ನೇ ಚಾಚಿ ಕಿರುಬೆರಳಿನ ಕೆಳಗೆ ಮೆಲ್ಲಗೆ ಒತ್ತಿದ. ಅವನ ಭುಜ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಆದರೆ ಗೋಡೆಯಾಚೆ ಏನೋ ಧೊಪ್ಪೆಂದು ಬಿತ್ತು. ಕಿಟಕಿಯಿಂದ ಬಗ್ಗಿ ನೋಡಿದ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ವರಾಂಡದಲ್ಲಿ ನಿಂತಿದ್ದರು. ಎಷ್ಟೋ ಕಾಲದಿಂದ ಎದೆಯ ಮಟ್ಟಕ್ಕೂ ಏಳದ ಅವರ ಕೈ, ಸೂತ್ರದ ಗೊಂಬೆಯ ಕೈಯಂತೆ ತಾನಾಗಿ ಮೇಲೇರಿ ಗೋಡೆಗಡಿಯಾರವನ್ನು ಕೆಡವಿತ್ತು. ಮೇಷ್ಟ್ರು ಆ ಕೈಯನ್ನು ಪರರ ವಸ್ತು ನೋಡುವಂತೆ ನೋಡುತ್ತಿದ್ದರು.

ಟೈಲರ್ ತನ್ನ ಅಂಗೈಯನ್ನೊಮ್ಮೆ ನೋಡಿಕೊಂಡ. ಅನುಮಾನ ಕಳೆಯಲೆಂದು ಉಂಗುರಬೆರಳಿನ ಬುಡ ಒತ್ತಿದ. ಮಹಡಿಯ ಮೇಲೆ ಸದಾ ಅಬ್ಬರಿಸುತ್ತಿದ್ದ ರೇಡಿಯೊ ತಟ್ಟನೆ ನಿಂತಿತು. ಆ ನಿಶ್ಶಬ್ದದಲ್ಲಿ ಕಿವುಡಜ್ಜಿಯ ದನಿ ಮೆಟ್ಟಿಲಿಳಿದು ಬಂತು.

"ಗೋಡೆಯೊಳಗೆ ಗೆದ್ದಲು ಮೇಯೋದು ಕೇಳಿಸ್ತಿದೆ. ಕೆಳಗೆ ಯಾರೋ ಉಸಿರು ಬಿಗಿಹಿಡಿದಿದ್ದಾರೆ."

ಬಿಗಿಹಿಡಿದಿದ್ದವನು ಟೈಲರನೇ.

ಹೆಂಡತಿಯ ಬಾಯಲ್ಲಿ ಗುಟ್ಟು ನಿಲ್ಲುವುದುಂಟೆ? ಸ್ವಲ್ಪ ಹೊತ್ತಿನಲ್ಲೇ ವಠಾರವೆಲ್ಲ ಅವನ ಕೋಣೆಯಲ್ಲಿತ್ತು. ಕಣ್ಣು ಮಂಜಾದ ಎಲೆಕ್ಟ್ರಿಷಿಯನ್, ಕತ್ತು ಹಿಡಿದ ಮನೆಯೊಡತಿ, ಮೇಷ್ಟ್ರು, ಅಜ್ಜಿ. ಯಾರೂ ತಮ್ಮ ಕೈ ಚಾಚಲಿಲ್ಲ. ಸುತ್ತ ಕೂತು, ರೆಪ್ಪೆ ಬಡಿಯದೆ, ಅವನ ಅಂಗೈಯನ್ನೇ ನೋಡಿದರು. ಅವನು ಹೆಬ್ಬೆರಳಿನ ಬುಡ ಒತ್ತಿದಾಗ ಮನೆಯೊಡತಿಯ ಕತ್ತು ಒಣಕಟ್ಟಿಗೆ ಮುರಿದಂತೆ ಸದ್ದು ಮಾಡಿ, ಮನುಷ್ಯರ ಕತ್ತು ತಿರುಗಬೇಕಾದ್ದಕ್ಕಿಂತ ತುಸು ಹೆಚ್ಚೇ ತಿರುಗಿತು. ಹಾಗೆ ಹಿಂದಕ್ಕೆ ನೋಡುತ್ತಲೇ ಆಕೆ, ಹಾಯಾಗಿದೆ, ಇನ್ನೊಂಚೂರು ಒತ್ತು ಎಂದಳು. ಟೈಲರನಿಗೆ ನಿಜಕ್ಕೂ ಹೆದರಿಕೆಯಾಯಿತು. ಕೋಟಿನ ಕೆಲಸವಿದೆ ಎಂದು ಅಂಗಲಾಚಿದ. ಜೀವಕ್ಕಿಂತ ಕೋಟು ಹೆಚ್ಚೇ ಎಂದು ಎಲ್ಲರೂ ಅವನನ್ನೇ ಬೈದರು.

ಹೊತ್ತು ಇಳಿಯುವಾಗ ಗುಂಪು ಕರಗಿತು. ಟೈಲರ್ ಹಲ್ಲು ಕಚ್ಚಿ ಕತ್ತರಿಯ ಹಿಡಿಯೊಳಗೆ ಬೆರಳು ತೂರಿಸಿ, ಎಡಗೈಯಿಂದ ಬಟ್ಟೆಯನ್ನು ಮೇಜಿಗೆ ಒತ್ತಿ, ಒಂದು ಸಲ ಕತ್ತರಿಸಿದ.

ಕಚಕ್.

ಗೋಡೆಯಾಚೆ ಮೇಷ್ಟ್ರು ನರಳಿದರು. ಮೇಲೆ ರೇಡಿಯೊ ಮತ್ತೆ ಅಬ್ಬರಿಸಿತು. ಟೈಲರ್ ಗಾಬರಿಯಲ್ಲಿ ಇನ್ನೊಮ್ಮೆ ಕತ್ತರಿಸಿದ. ಈ ಸಲ ಯಾರೂ ನರಳಲಿಲ್ಲ. ಪಕ್ಕದಿಂದಲೂ ಮೆಟ್ಟಿಲ ಮೇಲಿನಿಂದಲೂ ಹೆಜ್ಜೆಗಳು ಮಾತ್ರ ಒಂದೊಂದಾಗಿ ಬಂದು ಅವನ ಬಾಗಿಲಲ್ಲಿ ನಿಂತವು.

ಮೇಷ್ಟ್ರು ಒಳಗೆ ಬಂದು ಅವನ ಬಲಗೈ ಬಿಡಿಸಿ ಬೆಳಕಿಗೆ ಹಿಡಿದರು. ಕತ್ತರಿಯ ಹಿಡಿ ಒತ್ತಿ ಒತ್ತಿ ಜಡ್ಡುಗಟ್ಟಿದ ಜಾಗಗಳು ಸಾಲಾಗಿದ್ದವು. ಕಣ್ಣು, ಕಿವಿ, ಭುಜ, ಕತ್ತು, ಒಂದೂ ತಪ್ಪಿರಲಿಲ್ಲ.

"ನೀನು ಈ ಮನೆಗೆ ಬಂದ ವರ್ಷವೇ ಅಲ್ಲವೇನಪ್ಪ, ನನ್ನ ಭುಜ ಹಿಡಿದಿದ್ದು?" ಎಂದರು ಮೇಷ್ಟ್ರು, ಬಹಳ ಮೆಲ್ಲಗೆ.

ಉಳಿದವರೂ ತಮ್ಮ ತಮ್ಮ ವರ್ಷ ನೆನೆದರು. ಎಲ್ಲವೂ ಅದೇ ವರ್ಷ. ಟೈಲರ್ ಮತ್ತೆ ಮೆಲ್ಲಗೆ ಒತ್ತಿ ಎಲ್ಲರನ್ನೂ ಸರಿಮಾಡಬೇಕಾಯಿತು. ಇನ್ನು ಆ ಕೈ ಕತ್ತರಿ ಮುಟ್ಟಕೂಡದು ಎಂದು ತೀರ್ಮಾನವಾಯಿತು.

"ಎಡಗೈಯಲ್ಲಿ ಕತ್ತರಿಸಿ ನೋಡಿ, ರೀ," ಎಂದಳು ಹೆಂಡತಿ.

ಅವನು ಎಡಗೈಗೆ ಕತ್ತರಿ ತೊಡಿಸಿಕೊಂಡ. ಎಲ್ಲರೂ ತಮ್ಮ ತಮ್ಮ ಕಣ್ಣು, ಕಿವಿ, ಭುಜ, ಕತ್ತು ಹಿಡಿದು ಕಾದರು. ಕಚಕ್. ಯಾರಿಗೂ ಏನೂ ಆಗಲಿಲ್ಲ. ಸದ್ಯ ಬದುಕಿದೆವು ಎಂದು ನಿಟ್ಟುಸಿರಿಟ್ಟು ಎದ್ದರು.

ಟೈಲರ್ ಮಾತ್ರ ಬಲಭುಜ ಹಿಡಿದು ನೆಲಕ್ಕೆ ಕುಸಿದಿದ್ದ. ಇಷ್ಟು ವರ್ಷ ಬಟ್ಟೆ ಜಾರದಂತೆ ಮೇಜಿಗೆ ಒತ್ತಿ ಹಿಡಿದದ್ದು ಆ ಎಡಗೈಯೇ. ತನ್ನ ಭುಜ ಯಾರ ಅಂಗೈಯಲ್ಲಿದೆ ಎಂಬುದು ಈಗ ಅವನಿಗೆ ತಿಳಿಯಿತು.

"ಮೇಷ್ಟ್ರೇ, ನನ್ನ ನೋವು ಇಲ್ಲೇ ಇದೆ. ಬಲಗೈ ಏಳ್ತಿಲ್ಲ, ನೀವೇ ಒಂಚೂರು ಒತ್ತಿ," ಎಂದ, ಎಡ ಅಂಗೈ ಚಾಚಿ.

ಬೆಳಗಿನಿಂದ ಅವನ ಕೈಯನ್ನೇ ಕಾದು ಕೂತಿದ್ದ ಮೇಷ್ಟ್ರು ಹೊಸ್ತಿಲಲ್ಲಿ ನಿಂತು ಮರುಗಿದರು.

"ಅದು ನಿನ್ನ ಸ್ವಂತ ವಿಷಯ ಕಣಪ್ಪ. ಅದರಲ್ಲೆಲ್ಲ ನಾವು ತಲೆಹಾಕಬಾರದು."

ಬಾಗಿಲಾಚೆ ಬ್ಯಾಂಡ್ ಮಾಸ್ಟರ್ ಎದುರಾದ. ಕೋಟು ಆಗಿದೆಯೇ ಎಂದು ಕೇಳಿದ್ದಕ್ಕೆ ಮೇಷ್ಟ್ರು, ಗುಣವಾದ ಕೈಯನ್ನು ಪೂರ್ತಿ ಮೇಲೆತ್ತಿ, ಎದುರು ಅಂಗಡಿ ತೋರಿಸಿದರು.