ಗೋಡೆ ಮೇಲಿನವರ ಪಥ್ಯ

ಸತ್ತವರಿಗೆ ಪಥ್ಯ ಮಾಡಿಸುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಇಲ್ಲ ತಾನೆ? ಹಾಗಾದರೆ ನೀವು ನ್ಯಾಮತಿಯ ನಮ್ಮ ಅತ್ತೆಯನ್ನು ಕಂಡಿಲ್ಲ ಬಿಡಿ! ಬದುಕಿರುವವರಿಗೆ ಅದು ತಿನ್ನಬೇಡಿ, ಇದು ಮುಟ್ಟಬೇಡಿ ಎಂದು ಬುದ್ಧಿ ಹೇಳುವವರು ಬೀದಿಗೊಬ್ಬರು ಸಿಗುತ್ತಾರೆ. ನಮ್ಮ ಅತ್ತೆ ಊಟದ ವಿಚಾರಣೆ ಮಾಡುವುದು ಗೋಡೆಗೆ ತೂಗುಹಾಕಿರುವ ಮಾವನ ಫೋಟೋವನ್ನು. ಅದೂ ಸುಮ್ಮಸುಮ್ಮನೆ ಅಲ್ಲ, ಮಾನವ ಪೋಷಣಾ ಶಾಸ್ತ್ರದ ಎಂಎಸ್ಸಿ ವಿದ್ಯಾರ್ಥಿನಿಯಾಗಿ!

ಅತ್ತೆ ನಮ್ಮಪ್ಪನ ತಂಗಿ. ಮದುವೆಗೆ ಮೊದಲು ದಾವಣಗೆರೆಯಲ್ಲಿ ಬಿಎಸ್ಸಿ ಪಾಸಾಗಿ, ಆ ಸರ್ಟಿಫಿಕೇಟನ್ನು ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿಸಿ, ಅಡುಗೆಮನೆ ಸೇರಿದವರು. ಮಾವನದು ಬೀಜ ಗೊಬ್ಬರದ ಅಂಗಡಿ. ಮಾವನಿಗೆ ಸಕ್ಕರೆ ಕಾಯಿಲೆ ಬಂತು, ಆಮೇಲೆ ಕಿಡ್ನಿ ಕೈಕೊಟ್ಟಿತು, ಒಂದು ದಿನ ಹೋಗಿಬಿಟ್ಟರು. ಅವತ್ತು ಹೆಣದ ಮುಂದೆ ಎಲ್ಲರೂ ಅಳುತ್ತಿರುವಾಗ ಮಾವನ ಅಕ್ಕ, ಅಂದರೆ ನಮ್ಮ ಹೊನ್ನಾಳಿ ದೊಡ್ಡಮ್ಮ, ಎದೆ ಬಡಿದುಕೊಂಡು ಅಂದರು: "ಬ್ಯಾಡ ಅಂದ್ರೂ ಕೇಳ್ದೆ ಉಣ್ಣಿಸಿ ಉಣ್ಣಿಸಿನೇ ನನ್ನ ತಮ್ಮನ್ನ ತಿಂದ್ಬಿಟ್ಲಲ್ರೋ!"

ಅತ್ತೆಯ ಅಳು ಅಲ್ಲಿಗೇ ನಿಂತಿತು. ತಿಥಿಯೆಲ್ಲ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ನನಗೊಂದು ತಿಳೀಬೇಕಾಗೈತೆ ಕಣಪ್ಪ. ನನ್ನ ಕೈ ಅಡುಗೆನೇ ಅವರನ್ನ ಕೊಂತೋ, ಇಲ್ಲೋ? ಡಾಕ್ಟ್ರನ್ನ ಕೇಳಿದ್ರೆ ಕೈ ಆಡಿಸ್ತಾರೆ. ದೇವರು ಬಾಯಿ ಬಿಡಲ್ಲ. ನಾನೇ ಓದಿ ತಿಳ್ಕಂತೀನಿ."

ಹೀಗೆ ಟ್ರಂಕಿನ ತಳದ ಸರ್ಟಿಫಿಕೇಟ್ ಮೇಲೆದ್ದು ಬಂತು. ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಓದುವ ಕೋರ್ಸಿಗೆ ಅತ್ತೆ ಸೇರಿದರು. ಹೊಲಿಗೆ ಮಷೀನಿನ ಮೇಲೆ ಲ್ಯಾಪ್‌ಟಾಪು, ಅವರ ಬೆನ್ನಹಿಂದೆ ಮಾವನ ಬೆತ್ತದ ಕುರ್ಚಿ, ಅದರ ಮೇಲ್ಗಡೆ ಗೋಡೆಯಲ್ಲಿ ಮಾವ. ನಾನು ಚನ್ನಗಿರಿಯಲ್ಲಿ ವಿಜ್ಞಾನದ ಮೇಷ್ಟ್ರು. ಭಾನುವಾರ ಬಂತೆಂದರೆ ನೆಟ್‌ವರ್ಕ್ ಸರಿಮಾಡುವ ನೆಪದಲ್ಲಿ ನ್ಯಾಮತಿಗೆ ಹೋಗಿ ಅತ್ತೆಯನ್ನು ನೋಡಿಕೊಂಡು ಬರುತ್ತಿದ್ದೆ.

ಒಂದು ಭಾನುವಾರ ಮಟಮಟ ಮಧ್ಯಾಹ್ನ ಹೋದೆ. ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ಬಾಗಿಲು ತೆರೆದೇ ಇತ್ತು. ಒಳಗೆ ಅತ್ತೆ ಫೋಟೋದ ಎದುರು ನಿಂತು ಕೇಳುತ್ತಿದ್ದಾರೆ: "ನಿನ್ನೆ ಬೆಳಿಗ್ಗೆ ಎದ್ದ ಮ್ಯಾಲೆ ಏನ್ ತಗಂಡ್ರಿ?" ಆಮೇಲೆ ಕತ್ತು ವಾಲಿಸಿ ಸುಮ್ಮನಾದರು. ಯಾರೋ ಮಾತಾಡುತ್ತಿದ್ದಾರೆ, ಅತ್ತೆ ಕೇಳಿಸಿಕೊಳ್ಳುತ್ತಿದ್ದಾರೆ! ನಡುನಡುವೆ "ಹೂಂ, ಹೂಂ" ಬೇರೆ. ಕೊನೆಗೆ ಗದರಿದರು: "ಸುಳ್ಳು ಹೇಳ್ಬ್ಯಾಡ್ರಿ!"

ನಾನು ಹೊಸ್ತಿಲಲ್ಲೇ ಬಾಗಿಲ ಚೌಕಟ್ಟು ಹಿಡಿದುಕೊಂಡೆ. "ಅತ್ತೆ... ಏನಂತಾರೆ?" ಎಂದೆ.

"ಬರೀ ಕಾಫಿ ಅಂತಾರೆ ನೋಡು. ಬದುಕಿದ್ದಾಗ್ಲೂ ಹಿಂಗೇ. ಬಸ್ ಸ್ಟ್ಯಾಂಡಿನಾಗೆ ಬೋಂಡ ತಿಂದಿದ್ದನ್ನ ಒಂದಿನ ಬಾಯಿ ಬಿಟ್ಟೋರಲ್ಲ."

ಹಿಂದಿನ ದಿನ ತಿಂದದ್ದನ್ನೆಲ್ಲ ಕೇಳಿ ಬರೆದುಕೊಳ್ಳುವುದು ಆ ಶಾಸ್ತ್ರದ ಮೊದಲ ಪಾಠವಂತೆ. ಸರಿ, ಅದಕ್ಕೆ ಬದುಕಿರುವವರು ಯಾರೂ ಸಿಗಲಿಲ್ಲವೇ? ನಾನು ಮೆಲ್ಲನೆ ಫೋಟೋದ ಕಡೆ ನೋಡಿದೆ. ಸಿಕ್ಕಿಬಿದ್ದವರ ಹಾಗೆ ಮಾವನ ಮೀಸೆಯ ತುದಿ ಒಂಚೂರು ಇಳಿದಿತ್ತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ಮುಂದಿನ ಸಲ ಹೋದಾಗ ಕ್ಲಾಸು ನಡೆಯುತ್ತಿತ್ತು. ನಾನು ಬಾಗಿಲ ಬಳಿಯೇ ನಿಂತೆ. ಒಬ್ಬೊಬ್ಬರೂ ಒಬ್ಬ ವ್ಯಕ್ತಿಯ ಊಟ ತಿಂಡಿಯನ್ನು ಅಭ್ಯಾಸ ಮಾಡಿ ವರದಿ ಒಪ್ಪಿಸಬೇಕಾಗಿತ್ತು. ಪರದೆಯಲ್ಲಿದ್ದ ಮೇಡಂ ಒಳ್ಳೆಯ ಹೆಂಗಸು, ಮೈಸೂರು ಕಡೆಯವರು. ಅತ್ತೆಯ ಸರದಿ ಬಂದಾಗ ಇಂಗ್ಲಿಷ್ ಬಿಟ್ಟು ಕನ್ನಡದಲ್ಲೇ ಕೇಳಿದರು.

"ನೀವು ಯಾರನ್ನು ಆರಿಸಿಕೊಂಡಿದ್ದೀರಿ ಅಮ್ಮ?"

"ನಮ್ಮ ಯಜಮಾನ್ರನ್ನ, ಮೇಡಂ."

"ಒಳ್ಳೇದು. ಅವರ ಒಪ್ಪಿಗೆ ತಗೊಂಡಿದ್ದೀರಾ?"

"ತಗಂಡೀನಿ. ಬಲಗಡೆ ಹೂ ಕೊಟ್ರು."

ಮೇಡಂಗೆ ಅರ್ಥವಾಗಲಿಲ್ಲವೋ, ಸರಿಯಾಗಿ ಕೇಳಿಸಲಿಲ್ಲವೋ, ಮುಂದಕ್ಕೆ ಹೋದರು. "ಓಡಾಟ, ವ್ಯಾಯಾಮ ಎಲ್ಲಾ ಹೇಗಿದೆ?"

"ಈಗ ಕಮ್ಮಿ ಮೇಡಂ. ಗೋಡೆ ಮ್ಯಾಲೇ ಇರ್ತಾರೆ."

"ತೂಕ?"

"ಫ್ರೇಮ್ ಸೇರಿಸಿ ಹೇಳ್ಲಾ, ಬಿಟ್ಟು ಹೇಳ್ಲಾ?"

ಪರದೆಯಲ್ಲಿದ್ದ ಮುಖಗಳೆಲ್ಲ ಒಟ್ಟಿಗೆ ಸ್ತಬ್ಧವಾದವು. ನೆಟ್‌ವರ್ಕ್ ಹೋಯಿತೆಂದು ನಾನು ನಿಂತಲ್ಲಿಂದಲೇ ಮೋಡೆಮ್ಮಿನ ಕಡೆ ಕತ್ತು ಚಾಚಿದೆ, ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು! ಮೇಡಂ ಕೇಳಿದರು: "ಅಮ್ಮಾ, ನಿಮ್ಮ ಯಜಮಾನರು... ತೀರಿಕೊಂಡಿದ್ದಾರಾ?"

"ಹೂಂ ಮೇಡಂ, ಹೋದ ವರ್ಷ."

"ಹಾಗಾದರೆ ದಿನಾ ನಿಮ್ಮ ಹಿಂದೆ ಕುರ್ಚಿಯಲ್ಲಿ ಕೂತು ಪಾಠ ಕೇಳುತ್ತಿರುತ್ತಾರಲ್ಲ, ಅವರು ಯಾರು? ಈಗಲೂ ಕೂತಿದ್ದಾರಲ್ಲ!"

ಬಾಗಿಲಲ್ಲಿ ನಿಂತ ನನಗೆ ಬೆತ್ತದ ಕುರ್ಚಿಯ ಬೆನ್ನಿನ ಒಂದು ಅಂಚಷ್ಟೇ ಕಾಣುತ್ತಿತ್ತು. ಒಳಗೆ ಹೋಗಿ ನೋಡುವ ಧೈರ್ಯ ಯಾರಪ್ಪನಿಗಿತ್ತು? ಕ್ಲಾಸು ಮುಗಿದ ಮೇಲೆ ಅತ್ತೆ ನನ್ನ ಮುಖ ನೋಡಿ ಬಿದ್ದು ಬಿದ್ದು ನಕ್ಕರು. "ಹೆದ್ರಿಬಿಟ್ಟೆ ಏನೋ! ಒಬ್ಬಳೇ ಓದಾಕೆ ಬ್ಯಾಸರ ಅಂತ ಅವರ ಬಿಳಿ ಅಂಗಿನ ಕುರ್ಚಿಗೆ ತೊಡಿಸಿರ್ತೀನಿ, ಮ್ಯಾಲೊಂದು ಟೋಪಿ ಇಟ್ಟಿರ್ತೀನಿ. ದೂರದಿಂದ ನೋಡಿದ್ರೆ ಮನುಷ್ಯ ಕೂತಂಗೇ ಕಾಣ್ತೈತೆ."

ಹೋದ ಜೀವ ಬಂತು. ನನಗೂ ನಗು ಬಂತು. ಊಟಕ್ಕೆ ಕೈ ತೊಳೆಯೋಣವೆಂದು ಹಿತ್ತಲಿಗೆ ಹೋದೆ. ಅಲ್ಲಿ ತಂತಿಯ ಮೇಲೆ ಮಾವನ ಬಿಳಿ ಅಂಗಿ ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲೇ ಟೋಪಿ, ಅದೂ ಒದ್ದೆ. ನಾನು ಊಟ ಮಾಡದೆ ಸಿಕ್ಕಿದ ಬಸ್ಸು ಹತ್ತಿದೆ.

ಬದುಕಿರುವವರನ್ನೇ ನೋಡಬೇಕೆಂದು ಮೇಡಂ ತಾಕೀತು ಮಾಡಿದ್ದರಿಂದ ಅತ್ತೆ ಜಗಳೂರಿಗೆ ನನ್ನ ಭಾಮೈದನ ಮದುವೆಗೆ ಬಂದರು. ನಾವು ಮದುವೆಗೆ ಹೋದದ್ದು, ಅತ್ತೆ ಬಂದದ್ದು ಪಂಕ್ತಿಗೆ! ಊಟ ಮಾಡುತ್ತಿದ್ದವರ ಎದುರು ನಿಂತು ಒಬ್ಬೊಬ್ಬರ ಕೆಳರೆಪ್ಪೆ ನೋಡುವುದು, ಉಗುರು ನೋಡುವುದು, ಬಗ್ಗಿ ಕಾಲಿನ ಗಿಣ್ಣು ಒತ್ತಿ ಗುಳಿ ಬೀಳುತ್ತದೆಯೇ ಎಂದು ಪರೀಕ್ಷಿಸುವುದು. ಒಬ್ಬ ಯಜಮಾನರು ಶೇಂಗಾ ಹೋಳಿಗೆಗೆ ತುಪ್ಪದ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಅತ್ತೆ ಅವರನ್ನು ಕಣ್ಣು ಮಿಟುಕಿಸದೆ ನೋಡಿ, ಬಹಳ ಪ್ರೀತಿಯಿಂದ ಅಂದರು: "ಚಂದಾಗಿರೋದು ಒಂದು ಫೋಟೋ ತೆಗಿಸಿಟ್ಕಳ್ರಿ ಯಜಮಾನ್ರೇ. ಆಮ್ಯಾಲೆ ಮನಿಯೋರು ಹುಡುಕಾಡ್ತಾರೆ."

ಯಜಮಾನರ ಕೈ ಬಾಯಿಯ ಹತ್ತಿರವೇ ನಿಂತಿತು. ಇಡೀ ಪಂಕ್ತಿ ತಲೆತಗ್ಗಿಸಿಕೊಂಡು ಅನ್ನ ಸಾರು ಮಾತ್ರ ಉಂಡು ಎದ್ದಿತು. ಬುಟ್ಟಿಗಟ್ಟಲೆ ಹೋಳಿಗೆ ಉಳಿದು ಅಡುಗೆಯವರು ನಮ್ಮ ಕಡೆ ಕಣ್ಣು ಕೆಂಪಗೆ ಮಾಡಿ ನೋಡಿದರು.

"ಅತ್ತೆ, ನೀವು ಬಾಳ ಸೊರಗಿದ್ದೀರಿ," ಎಂದಳು ನನ್ನ ಹೆಂಡತಿ ಬಸ್ಸಿನಲ್ಲಿ. "ಓದೋ ಮಕ್ಳು ಸೊರಗ್ತಾರಮ್ಮ," ಎಂದು ಅತ್ತೆ ನಕ್ಕುಬಿಟ್ಟರು.

ಆ ವರ್ಷದ ಮಹಾಲಯ ಅಮಾವಾಸ್ಯೆಯ ಸಂಗತಿಯನ್ನು ಹೇಳಿದರೆ ನನ್ನನ್ನು ವಿಜ್ಞಾನದ ಮೇಷ್ಟ್ರ ಕೆಲಸದಿಂದ ತೆಗೆಯಬೇಕು. ನಮ್ಮ ಕಡೆ ಅವತ್ತು ಹಿರಿಯರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಎಲೆಯಲ್ಲಿ ಬಡಿಸಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುವುದು ಪದ್ಧತಿ. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಕಾದು, ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆಯಬೇಕು. ಅತ್ತೆ ಎಡೆಯ ಒಂದೊಂದು ಪದಾರ್ಥವನ್ನೂ ತಕ್ಕಡಿಯಲ್ಲಿ ತೂಗಿ ಬಡಿಸಿದರು! ಹೋಳಿಗೆ, ಅನ್ನ, ಜೊತೆಗೆ ಸಕ್ಕರೆ ಕಾಯಿಲೆಗೆಂದು ಹಾಗಲಕಾಯಿ ಪಲ್ಯ. ಬಾಗಿಲು ಎಳೆದುಕೊಂಡೆವು. ಸ್ವಲ್ಪ ಹೊತ್ತಿಗೆ ಒಳಗೆ ಚೊಂಬು ಟಣ್ ಎಂದಿತು.

"ಬೆಕ್ಕು," ಎಂದೆ ನಾನು. ಬೆಕ್ಕು ನನ್ನ ಕಾಲ ಬಳಿಯೇ ಮಲಗಿತ್ತು.

ಬಾಗಿಲು ತೆಗೆದು ಅತ್ತೆ ಮತ್ತೆ ತೂಗಿದರು. ಹೋಳಿಗೆ ಕಮ್ಮಿಯಾಗಿತ್ತು. ಅನ್ನ ಕಮ್ಮಿಯಾಗಿತ್ತು. ಬಿಸಿ ಆರುವಾಗ ಆವಿ ಹೋಗಿ ತೂಕ ಇಳಿಯುತ್ತದೆ ಎಂದು ನಾನು ದೊಡ್ಡದಾಗಿ ಪಾಠ ಮಾಡಿದೆ. ಅತ್ತೆ ಹಾಗಲಕಾಯಿಯನ್ನು ತಕ್ಕಡಿಗೆ ಇಟ್ಟು ತೋರಿಸಿದರು. ಒಂದು ಗ್ರಾಮೂ ಇಳಿದಿರಲಿಲ್ಲ.

"ಪಲ್ಯನೂ ಬಿಸಿನೇ ಇತ್ತಲ್ಲಪ್ಪ, ಮೇಷ್ಟ್ರೇ?"

ನಾನು ತಕ್ಕಡಿಯನ್ನೇ ತಿರುಗಿಸಿ ಮುರುಗಿಸಿ ನೋಡತೊಡಗಿದೆ.

ಈ ವರ್ಷದ ಅಮಾವಾಸ್ಯೆಗೆ ಹೊನ್ನಾಳಿ ದೊಡ್ಡಮ್ಮನೂ ತಮ್ಮನ ಎಡೆಗೆಂದು ಬಂದಿದ್ದರು. ಅವರಿಗೂ ಅತ್ತೆಗೂ ಅವತ್ತಿನಿಂದ ಮಾತು ಅಷ್ಟಕ್ಕಷ್ಟೆ. ಅದೇ ಮಧ್ಯಾಹ್ನ ಅತ್ತೆಗೆ ಕೊನೆಯ ಮೌಖಿಕ ಪರೀಕ್ಷೆ ಬಂದುಬಿಟ್ಟಿತು. ಒಳಕೋಣೆಯಲ್ಲಿ ಎಡೆ ಇಟ್ಟು, ಬಾಗಿಲು ಎಳೆದುಕೊಂಡು, ಅತ್ತೆ ಹೊರಗೆ ಲ್ಯಾಪ್‌ಟಾಪಿನ ಮುಂದೆ ಕೂತರು. ದೊಡ್ಡಮ್ಮ ಗೋಡೆಗೊರಗಿ ಕೂತರು. ನಾನು ಮುಚ್ಚಿದ ಬಾಗಿಲ ಮೇಲೆ ಒಂದು ಕಣ್ಣಿಟ್ಟಿದ್ದೆ.

ಮೇಡಂ ಏನೇನೋ ಕೇಳಿದರು, ಅತ್ತೆ ಪಟಪಟ ಹೇಳಿದರು. ಕೊನೆಗೆ ಮೇಡಂ, "ಈ ವಯಸ್ಸಿನಲ್ಲಿ ಇದನ್ನು ಯಾಕೆ ಓದಿದಿರಿ ಅಮ್ಮ?" ಎಂದರು.

"ನನ್ನ ಕೈ ಅಡುಗೆನೇ ಅವರನ್ನ ಕೊಂತಾ ಅಂತ ತಿಳ್ಕಬೇಕಿತ್ತು ಮೇಡಂ. ಪುಸ್ತಕ ಎಲ್ಲಾ ಓದ್ದೆ. ಒಂದು ಪುಟ ಹೌದು ಅಂತೈತೆ, ಇನ್ನೊಂದು ಪುಟ ಅಲ್ಲ ಅಂತೈತೆ. ನೀವಾದ್ರೂ ಹೇಳ್ರಿ."

ದೊಡ್ಡಮ್ಮನ ಕೈಯಲ್ಲಿದ್ದ ಎಲೆಅಡಿಕೆ ಕೈಯಲ್ಲೇ ಉಳಿಯಿತು.

"ಅದನ್ನು ಯಾರೂ ಹಾಗೆ ತೀರ್ಮಾನ ಮಾಡೋಕಾಗಲ್ಲ ಅಮ್ಮ," ಎಂದರು ಮೇಡಂ. ಅತ್ತೆಯ ಮುಖವನ್ನೇ ದಿಟ್ಟಿಸಿ ನೋಡಿದರು. "ಅವರದು ಇರಲಿ. ನಿನ್ನೆ ನೀವು ಏನು ಉಂಡಿರಿ, ಹೇಳಿ."

"ನಾನಾ?" ಅತ್ತೆ ತಡವರಿಸಿದರು. "ಚಾ ಕುಡಿದೆ."

"ಮಧ್ಯಾಹ್ನ?"

"ಅಡುಗೆ ಮಾಡಿದೆ."

"ಮಾಡಿದಿರಿ. ಉಂಡಿರಾ?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಸಣ್ಣ ದನಿಯಲ್ಲಿ, "ನನ್ನ ಕೈ ಅಡುಗೆ ನನಗೇ ಬಾಯಿಗೆ ಹೋಗಲ್ಲ ಮೇಡಂ. ಹೆದ್ರಿಕೆ ಆಗ್ತೈತೆ," ಎಂದರು.

ಅಷ್ಟು ದಿನ ನಾನು ಗೋಡೆಯ ಮೇಲಿದ್ದವರಿಗೆ ಹೆದರುತ್ತಿದ್ದೆ. ಆವತ್ತು ಎದುರಿಗೆ ಕೂತಿದ್ದ ಅತ್ತೆಯನ್ನು ಸರಿಯಾಗಿ ನೋಡಿ ಹೆದರಿಕೆಯಾಯಿತು. ಕತ್ತಿನ ಕೆಳಗಿನ ಮೂಳೆಗಳು ಎದ್ದು ಕಾಣುತ್ತಿದ್ದವು. ಕೈ ಎತ್ತಿದರೆ ಚಿನ್ನದ ಬಳೆ ಮೊಣಕೈವರೆಗೂ ಜಾರುತ್ತಿತ್ತು.

ದೊಡ್ಡಮ್ಮ ಎದ್ದರು. ಸೀದಾ ಹೋಗಿ ಮುಚ್ಚಿದ್ದ ಬಾಗಿಲನ್ನು ನೂಕಿದರು.

"ದೊಡ್ಡಮ್ಮ, ಇನ್ನೂ ಹೊತ್ತಾಗಿಲ್ಲ! ಒಳಗೆ ಹಿರಿಯರು..." ಎಂದು ನಾನು ಕೂಗಿಕೊಂಡೆ.

"ಹಿರೇರು ಕಾಯ್ತಾರೆ ಸುಮ್ನಿರು! ಅವರಿಗೇನ್ ಅವಸರ ಐತೆ?"

ಒಳಗೆ ಯಾರೂ ಗದರಲಿಲ್ಲ. ದೊಡ್ಡಮ್ಮ ಎಡೆಯ ಎಲೆಯನ್ನೇ ಎತ್ತಿಕೊಂಡು ಬಂದು ಅತ್ತೆಯ ಎದುರು ಕೂತರು. ಅನ್ನ ಸಾರು ಕಲಸಿ, ಮೊದಲ ತುತ್ತನ್ನು ಅತ್ತೆ ನೋಡುತ್ತಿರುವಂತೆ ತಾವೇ ತಿಂದರು. ಎರಡನೆಯದನ್ನು ಮುಂದೆ ಹಿಡಿದರು.

"ಬಾಯಿ ತಗಿ. ಅವತ್ತು ಬಾಯಿಗೆ ಬಂದಂಗೆ ಅಂದ್ಬಿಟ್ಟೆ ಕಣೇ. ನನ್ನ ತಮ್ಮ ನಮ್ಮನಿಗೆ ಬಂದಾಗೆಲ್ಲ ಅರ್ಧ ಊಟಕ್ಕೇ ಎದ್ದುಬಿಡ್ತಿದ್ದ. ಮನಿಗೆ ಹೋಗಿ ಅವಳ ಕೈಯಾಗೆ ಉಣ್ತೀನಿ ಅಂತಿದ್ದ. ನನಗೆ ಹೊಟ್ಟೆ ಉರೀತಿತ್ತು. ಅವನು ಅಷ್ಟ್ ವರ್ಷ ಇದ್ದದ್ದೇ ನಿನ್ನ ಅನ್ನ ಉಂಡು. ಬಾಯಿ ತಗೀ ಅಂದೆ!"

ಅತ್ತೆ ಬಾಯಿ ತೆರೆದರು. ಅಗಿಯುತ್ತ ಅಗಿಯುತ್ತ, ಮಾವ ಹೋದ ದಿನ ನಿಂತುಹೋಗಿದ್ದ ಅಳುವೆಲ್ಲ ಒಟ್ಟಿಗೇ ಬಂತು. ದೊಡ್ಡಮ್ಮನೂ ಅತ್ತರು, ಎಡಗೈಯಲ್ಲಿ ಅತ್ತೆಯ ಮುಖ ಒರೆಸಿದರು. ಪರದೆಯಲ್ಲಿ ಮೇಡಂ ಇನ್ನೂ ಇದ್ದರು.

ಅತ್ತೆ ನುಂಗಿ, ಸೆರಗಿನಿಂದ ಮೂಗೊರೆಸಿಕೊಂಡು, "ಇನ್ನೊಂದ್ ತುತ್ತು ಹಾಕಕ್ಕ," ಎಂದರು.