ಮಾವನ ಮನೆಯ ಪೆಟ್ರೋಲು

ನಮ್ಮ ಮಾವನ ಮನೆಗೆ ಹೋಗುವವರು ದಾರಿ ಕೇಳಬೇಕಾಗಿರಲಿಲ್ಲ. ಮಾಸೂರಿನಲ್ಲಿ ಬಸ್ಸಿಳಿದು ವಾಸನೆ ಹಿಡಿದು ನಡೆದರೆ ಸಾಕಿತ್ತು! ಅವ್ವನ ತಮ್ಮನಾದ ಈ ಪುಣ್ಯಾತ್ಮ, ಉಳಿದವರು ಉಪ್ಪಿನಕಾಯಿ ಕೂಡಿಟ್ಟ ಹಾಗೆ ಮನೆಯಲ್ಲಿ ಪೆಟ್ರೋಲು ಕೂಡಿಡುತ್ತಿದ್ದ. ಒಮ್ಮೆ ಮುಷ್ಕರವಾಗಿ ಬಂಕುಗಳು ಮುಚ್ಚಿದಾಗ ಹಿರೇಕೆರೂರಿನಿಂದ ಬೈಕು ತಳ್ಳಿಕೊಂಡು ಬಂದಿದ್ದನಂತೆ. ಅಂದಿನಿಂದ ಅವನಿಗೆ ಯಾವ ಬಂಕಿನ ಮೇಲೂ ನಂಬಿಕೆಯಿಲ್ಲ. ಪೇಟೆಗೆ ಹೋದಾಗಲೆಲ್ಲ ಒಂದು ಕ್ಯಾನು ತುಂಬಿಸಿ ತಂದು, ತಂಪುಪಾನೀಯದ ಖಾಲಿ ಬಾಟಲಿಗಳಿಗೆ ಸುರಿದು, ಮಂಚದ ಕೆಳಗೆ, ಜೋಳದ ಚೀಲಗಳ ಸಂದಿಯಲ್ಲಿ ಜೋಡಿಸುತ್ತಿದ್ದ.

ಒಂದು ಬೇಸಿಗೆಯಲ್ಲಿ ನಮ್ಮಪ್ಪ ಬಾಯಾರಿ ಬಂದವನು ಶರಬತ್ತೆಂದು ಒಂದು ಬಾಟಲಿ ಎತ್ತಿ ಬಾಯಿಗಿಟ್ಟ. ಕೆಮ್ಮಿ, ಉಗುಳಿ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ ಭಾವನನ್ನು ಮಾವ ಕೇಳಿದ್ದು ಒಂದೇ: "ಪೂರಾ ಚೆಲ್ಲಿದ್ರ್ಯಾ?"

ಹಾಗೆಂದು ಅವನಿಗೆ ಅಪಾಯ ತಿಳಿದಿರಲಿಲ್ಲವೇ? ಬೀಡಿ ಸೇದುವ ನೆಂಟರನ್ನು ಮದಗದ ಕೆರೆಯ ಏರಿಯವರೆಗೂ ನಡೆಸಿಕೊಂಡು ಹೋಗಿ, ಅಲ್ಲಿ ಕಡ್ಡಿ ಗೀರಲು ಬಿಡುತ್ತಿದ್ದ! ಆದರೆ ಅವನ ಲೆಕ್ಕದಲ್ಲಿ ಬೆಂಕಿಯೆಂದರೆ ಬೀಡಿಯದು ಮಾತ್ರ. ದೇವರ ದೀಪ, ಅತ್ತೆಯ ಒಲೆ ಎಲ್ಲ ಮನೆಯವು. ಮನೆಯವು ಏನು ಮಾಡಿಯಾವು? ಹಾಸಿಗೆಯೆಲ್ಲ ನಾರುತ್ತದೆ, ಹೊರಗಿಡಿ ಎಂದು ಅತ್ತೆ ಗೋಗರೆದಾಗಲೆಲ್ಲ "ನಾಳೆ" ಎನ್ನುತ್ತಿದ್ದ. ನಾವೂ ನಗುತ್ತಿದ್ದೆವು.

ಹೋದ ಮಳೆಗಾಲದ ಒಂದು ಮಧ್ಯಾಹ್ನ ಇರಚಲು ಬಡಿಯುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಮಾವ ಪಡಸಾಲೆಯಲ್ಲಿ ಕೂತು ಕ್ಯಾನಿನಿಂದ ಬಾಟಲಿಗೆ ಸುರಿಯುತ್ತಿದ್ದ. ಒಂದಿಷ್ಟು ಚೆಲ್ಲಿತು. ಅರಿವೆಯಿಂದ ಒರೆಸಿದ. ಆವಿ ನೆಲ ಹಿಡಿದು ಹರಿದು ಅಡುಗೆಮನೆ ಸೇರಿದ್ದು ಯಾರ ಕಣ್ಣಿಗೆ ಕಂಡೀತು? ಅತ್ತೆ ಅವನಿಗೇ ಚಹಾ ಮಾಡಲೆಂದು ಒಲೆ ಹಚ್ಚಿದಳು.

ಮಾವ ಉರಿಯೊಳಗೇ ನುಗ್ಗಿ, ಅವಳನ್ನು ಕೌದಿಯಲ್ಲಿ ಸುತ್ತಿ ಹಿತ್ತಲಿಗೆ ಎಳೆದು ತಂದ. ಮನೆ ಅರ್ಧ ಸುಟ್ಟುಹೋಯಿತು. ಅತ್ತೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕುತ್ತಿಗೆ, ಕೈ ಎಲ್ಲ ಬಟ್ಟೆ ಸುತ್ತಿಸಿಕೊಂಡು ಮಲಗಿದಳು. ಗ್ಯಾಸಿನ ಸಿಲಿಂಡರ್ ಸೋರಿತ್ತು ಎಂದುಬಿಡು ಎಂದು ಹಿರಿಯರು ಮಾವನ ಕಿವಿಯಲ್ಲಿ ಹೇಳಿದರು. ವಿಚಾರಣೆಗೆ ಆಸ್ಪತ್ರೆಗೇ ಬಂದ ಪೊಲೀಸರ ಮುಂದೆ ಅವನು ಅತ್ತೆಯ ಮಂಚದ ಪಕ್ಕದಿಂದ ಎದ್ದು ನಿಂತ.

"ಸಿಲಿಂಡರಿಂದೇನೂ ತಪ್ಪಿಲ್ರಿ. ಆಕೀನ್ನ ಸುಟ್ಟಾಂವ ನಾನ."

ಅತ್ತೆಗೆ ಅದು ಕೇಳಿಸಿತ್ತು. ಆದರೂ ಬಹಳ ದಿನ ಅವನೊಡನೆ ಮಾತಾಡಲಿಲ್ಲ. ಅವನು ನೀರು ಕುಡಿಸಲು ಬಂದರೆ ಗೋಡೆಯ ಕಡೆ ತಿರುಗುತ್ತಿದ್ದಳು. ಅವನು ಲೋಟ ಹಿಡಿದು, ಅವಳು ತಿರುಗುವವರೆಗೂ ಕಾಯುತ್ತಿದ್ದ. ಮನೆಗೆ ಬಂದ ಮೇಲೂ ಅವಳ ಬೆರಳುಗಳು ನೆಟ್ಟಗಾಗಲಿಲ್ಲ.

ಮೊನ್ನೆ ಹೋಗಿದ್ದೆ. ಜೀವಮಾನದಲ್ಲಿ ಅಡುಗೆಮನೆಗೆ ಕಾಲಿಡದ ಮಾವ ಜೋಳದ ಹಿಟ್ಟು ನಾದಿಟ್ಟು, ಹೊಸ ಒಲೆಯ ಮುಂದೆ ಕಡ್ಡಿಪೆಟ್ಟಿಗೆ ಹಿಡಿದು ನಿಂತಿದ್ದ. ಒಂದು ಕಡ್ಡಿ ತೆಗೆದ, ಮತ್ತೆ ಒಳಗಿಟ್ಟ. ಹಚ್ಚಿಕೊಡಲು ನಾನು ಎದ್ದೆ. ಬಾಗಿಲಲ್ಲಿ ಕೂತಿದ್ದ ಅತ್ತೆ ಕಣ್ಣಲ್ಲೇ ನನ್ನನ್ನು ತಡೆದು, ಮೆಲ್ಲಗೆ ಎದ್ದು ಹೋಗಿ, ಮಡಚಿದ ಕೈಯನ್ನು ಅವನ ಬೆನ್ನ ಮೇಲಿಟ್ಟಳು.

"ನಾ ಇಲ್ಲೇ ಅದೇನಿ. ಹಚ್ರಿ."